ಸುವಾರ್ತಮ್ಮನ ಇಪ್ಪತ್ತನಾಲ್ಕು ಪಾಠ, ಅರ್ಧ ಕೌದಿ

ನಮ್ಮ ದೊಡ್ಡಮ್ಮ ಸುವಾರ್ತಮ್ಮನ ಬಗ್ಗೆ ಬರೆ ಎಂದು ನನ್ನನ್ನು ಯಾರೂ ಕೇಳಿಲ್ಲ. ಅವಳು ಹೇಳಿದ್ದನ್ನು ಬರೆದೂ ಬರೆದೂ ಬೆರಳು ಸವೆದಿರುವಾಗ, ಅವಳ ಬಗ್ಗೆ ಬೇರೆ ಬರೆಯುವ ಹುಮ್ಮಸ್ಸು ನನಗೂ ಇರಲಿಲ್ಲ. ಆದರೆ ಕಳೆದ ಆಗಸ್ಟಿನಲ್ಲಿ ಸಿರುಗುಪ್ಪದಲ್ಲಿ ನಡೆದದ್ದನ್ನು ಅವಳಂತೂ ಹೇಳುವವಳಲ್ಲ. ಲೋಕದಲ್ಲಿರುವ ಎಲ್ಲದಕ್ಕೂ ಪಾಠ ಹೇಳಿದ ಹೆಂಗಸು ಅದೊಂದಕ್ಕೆ ಮಾತ್ರ ಬಾಯಿ ಹೊಲಿದುಕೊಂಡಿದ್ದಾಳೆ. ಹಾಗಾಗಿ ನಾನೇ ಕೂತಿದ್ದೇನೆ.

ನಾನು ನಂದಿನಿ, ಅವಳ ತಂಗಿಯ ಮಗಳು. ಬಳ್ಳಾರಿಯ ಕೌಲ್ ಬಜಾರಿನಲ್ಲಿ ನನ್ನದೊಂದು ಸಣ್ಣ ಡಿಟಿಪಿ ಅಂಗಡಿ ಇದೆ. ಲಗ್ನಪತ್ರಿಕೆ, ಸಭೆಯ ಕರಪತ್ರ, ಬಾಡಿಗೆ ಕರಾರು, ಯಾರೋ ಯಾರ ಮೇಲೋ ಬರೆದ ದೂರು, ಎಲ್ಲ ಟೈಪ್ ಮಾಡುತ್ತೇನೆ. ಇವುಗಳ ನಡುವೆ ‘ಕೌದಿ ಕಲಿಸಿದ ಇಪ್ಪತ್ತನಾಲ್ಕು ಆತ್ಮಿಕ ಪಾಠಗಳು’ ಎಂಬ ದೊಡ್ಡಮ್ಮನ ಪುಸ್ತಿಕೆಯನ್ನು ಒಂಬತ್ತು ಸಲ ಟೈಪ್ ಮಾಡಿದ್ದೇನೆ. ಎಂಟು ಸಲ ಅವಳು ಹಾಳೆಯ ಮೇಲೆ ಸೀಮೆಸುಣ್ಣದಿಂದ ಗುರುತು ಹಾಕಿ, “ರಿಟರ್ನ್!” ಎಂದು ನನ್ನ ಕಡೆ ತಳ್ಳಿದಳು. ಬಿಳಿ ಹಾಳೆಯ ಮೇಲೆ ಬಿಳಿ ಸೀಮೆಸುಣ್ಣ! ಆ ಗುರುತು ಹುಡುಕಲು ನಾನು ಹಾಳೆಯನ್ನು ಬಿಸಿಲಿಗೆ ಹಿಡಿಯಬೇಕಾಗುತ್ತಿತ್ತು.

ಸೀಮೆಸುಣ್ಣದ ಚಾಳಿ ಅವಳ ಕೆಲಸದಿಂದ ಬಂದದ್ದು. ಜೀನ್ಸ್ ಹೊಲಿಯುವ ಒಂದು ಘಟಕದಲ್ಲಿ ಇಪ್ಪತ್ತೆಂಟು ವರ್ಷ ಅವಳು ಚೆಕಿಂಗ್ ಮೇಜಿನಲ್ಲಿದ್ದಳು. ಹೊಲಿದು ಬಂದ ಪ್ಯಾಂಟನ್ನು ಹರವಿ, ಒಳಗು ಹೊರಗು ತಿರುವಿ, ಜಿಪ್ಪು ಎಳೆದು ನೋಡಿ, ಬಿಟ್ಟ ದಾರ ಕತ್ತರಿಸಿ, ತಪ್ಪು ಕಂಡಲ್ಲಿ ಬಿಳಿ ಗುರುತು ಹಾಕಿ, ಹೊಲಿದವನ ಮುಂದೆ ಎಸೆದು “ರಿಟರ್ನ್” ಅನ್ನುವುದು ಅವಳ ಕೆಲಸ. ಕೆಲಸ ಬಿಟ್ಟು ಆರು ವರ್ಷವಾಯಿತು. ಸೀಮೆಸುಣ್ಣದ ತುಂಡು ಇನ್ನೂ ಅವಳ ಸೆರಗಿನ ಗಂಟಿನಲ್ಲಿದೆ.

ಚಹಾ ರಿಟರ್ನ್ ಆಗುತ್ತದೆ, ತರಕಾರಿ ರಿಟರ್ನ್ ಆಗುತ್ತದೆ, ಆಟೋದವನು ರಿಟರ್ನ್ ಆಗುತ್ತಾನೆ. ಒಂದು ಭಾನುವಾರ ಚರ್ಚಿನಲ್ಲಿ ಸಭೆಯೆಲ್ಲ ಕಣ್ಣು ಮುಚ್ಚಿ ಪ್ರಾರ್ಥಿಸುತ್ತಿದ್ದಾಗ ಪಾದ್ರಿಗಳಿಗೆ, “ಅಯ್ಯನವರ, ನಿಮ್ಮ ನಿಲುವಂಗಿ ಎಡಗಡೆ ಅಂಚು ಬಿಚ್ಚೈತ್ರಿ” ಎಂಬ ಅವಳ ದನಿ ಕೇಳಿತು. ಅಂದರೆ ಅವಳೊಬ್ಬಳೇ ಕಣ್ಣು ತೆರೆದಿದ್ದಳು. ನನ್ನನ್ನು ನೋಡಲು ಬಂದ ವರರಲ್ಲಿ ನಾಲ್ವರು ರಿಟರ್ನ್ ಆದರು. ಒಬ್ಬನದು ಕಾಲರ್ ಓರೆ, ಇನ್ನೊಬ್ಬನದು ನಡತೆ ಸರಿ ಆದರೆ ಗುಂಡಿ ಬೇರೆ ಬಣ್ಣದ್ದು. ಐದನೆಯವನು ಸಮ್ರಾಟ್, ಕಾಲರೂ ಗುಂಡಿಯೂ ಇಲ್ಲದ ಟೀ ಶರ್ಟ್ ಹಾಕಿಕೊಂಡು ಬಂದಿದ್ದಕ್ಕೆ ಪಾರಾದ. ಈಗ ಅವನೇ ನನ್ನ ಗಂಡ.

ಕೆಲಸ ಬಿಟ್ಟ ಮೇಲೆ ಸುಮ್ಮನೆ ಕೂರಲಾರದೆ ಕೌದಿ ಹೊಲಿಯಲು ಶುರು ಮಾಡಿದಳು. ಕೌದಿ ಅಂದರೆ ಹಳೆಯ ಸೀರೆ, ಧೋತರಗಳನ್ನು ಪದರ ಪದರವಾಗಿ ಹಾಸಿ, ಮೇಲೆ ಬಣ್ಣದ ತುಂಡುಗಳನ್ನು ಇಟ್ಟು, ಸಾಲು ಸಾಲು ಕೈಹೊಲಿಗೆ ಹಾಕಿ ಮಾಡುವ ಹಾಸಿಗೆ, ಹೊದಿಕೆ. ದೊಡ್ಡಮ್ಮನಿಗೆ ಘಟಕದಿಂದ ಜೀನ್ಸಿನ ಚೂರುಗಳು ಮೂಟೆಗಟ್ಟಲೆ ಸಿಗುತ್ತಿದ್ದವು. ಸೀರೆಯ ಜಾಗದಲ್ಲಿ ಜೀನ್ಸ್ ಬಂತು. ಆ ಕೌದಿ ಹೊದ್ದವನು ತಾನಾಗಿ ಏಳಲಾರ. ಇನ್ನೊಬ್ಬರು ಬಂದು ಎತ್ತಬೇಕು. ಬಳ್ಳಾರಿಯಲ್ಲಿ ಇರುವುದೇ ಎರಡು ಕಾಲ, ಬೇಸಿಗೆ ಮತ್ತು ಕಡುಬೇಸಿಗೆ. ಇಂಥ ಊರಲ್ಲಿ ಏಪ್ರಿಲ್ ತಿಂಗಳು ಮನೆಮನೆಗೆ ಹೋಗಿ ಜೀನ್ಸ್ ಕೌದಿ ಕೊಟ್ಟು, “ಹೊದ್ಕೊಳ್ರಿ, ಕರ್ತನ ಕೃಪೆ ಬೆಚ್ಚಗಿರತೈತಿ” ಎಂದು ಹರಸಿ ಬರುತ್ತಿದ್ದಳು. ಅಯ್ಯನವರ ಮನೆಯವರು ಅದನ್ನು ನೀರಿನ ಟ್ಯಾಂಕಿನ ಮೇಲೆ ಹೊದಿಸಿದ್ದಾರೆ. ಟ್ಯಾಂಕಿಗೆ ಒಳ್ಳೆಯದಾಗಿದೆ.

ಬರೀ ಕೌದಿ ಆಗಿದ್ದರೆ ಹೇಗೋ ತಡೆದುಕೊಳ್ಳಬಹುದಿತ್ತು. ಜೊತೆಗೆ ಪಾಠ ಬರುತ್ತಿತ್ತಲ್ಲ! ಪಾಠ ಒಂದು: ದಾರದ ತುದಿಗೆ ಗಂಟಿಲ್ಲದೆ ಹೊಲಿಗೆ ನಿಲ್ಲದು, ಪ್ರಾರ್ಥನೆಯ ಗಂಟಿಲ್ಲದೆ ದಿನ ನಿಲ್ಲದು. ಪಾಠ ನಾಲ್ಕು: ಬೆರಳಿಗೆ ಹಾಕುವ ಲೋಹದ ಟೊಪ್ಪಿಗೆಯೇ ವಿಶ್ವಾಸ, ಅದಿಲ್ಲದವನಿಗೆ ಸೂಜಿ ಚುಚ್ಚುತ್ತದೆ. ಪಾಠ ಒಂಬತ್ತು: ಕೌದಿಯನ್ನು ಹಿಂಬದಿಯಿಂದ ನೋಡು, ಮನುಷ್ಯನನ್ನೂ ಹಾಗೆಯೇ. ಇದನ್ನು ಅವಳು ಮದುವೆಯಲ್ಲಿ ಮದುಮಗಳಿಗೆ ಹೇಳಿದಳು. ಸಾವಿನ ಮನೆಯಲ್ಲಿ ಹೆಣದ ಪಕ್ಕ ಕೂತವರಿಗೆ ಹೇಳಿದಳು. ಗ್ಯಾಸ್ ತಂದವನನ್ನು ಬಾಗಿಲಲ್ಲಿ ನಿಲ್ಲಿಸಿ, ಸಿಲಿಂಡರ್ ಅವನ ಹೆಗಲ ಮೇಲೆ ಇರುವಾಗಲೇ ಮೂರು ಪಾಠ ಮುಗಿಸಿದಳು. ಪ್ರಾರ್ಥನೆ ತೆಲುಗಿನಲ್ಲಿ, ಪಾಠ ಸಭೆಯ ಗ್ರಂಥಗನ್ನಡದಲ್ಲಿ, ಬೈಗುಳ ಮಾತ್ರ ಅಚ್ಚ ಬಳ್ಳಾರಿಯದು.

ಎಲ್ಲಕ್ಕಿಂತ ಅವಳಿಗೆ ಹೆಚ್ಚು ಪ್ರಿಯವಾದದ್ದು ಏಳನೇ ಪಾಠ: ‘ಹರಿದುಹೋದದ್ದನ್ನು ಜೋಡಿಸುವವಳೇ ಧನ್ಯಳು. ಸಹೋದರಿಯೇ, ನಿನ್ನಿಂದ ಬೇರೆಯಾದವರನ್ನು ನೀನೇ ಹೋಗಿ ಕೂಡಿಕೋ.’ ಇದನ್ನು ಒಂಬತ್ತು ಸಲ ಟೈಪ್ ಮಾಡುವಾಗಲೂ ಸಿಟ್ಟಿಗೆ ಕೀಬೋರ್ಡನ್ನು ಕುಟ್ಟುತ್ತಿದ್ದೆ. ಹೇಳುವುದು ಶಾಸ್ತ್ರ, ತಿನ್ನುವುದು ಬದನೆಕಾಯಿ. ನನ್ನಮ್ಮ ಕರುಣಮ್ಮ, ಅಂದರೆ ಇವಳ ಸ್ವಂತ ಒಡಹುಟ್ಟಿದ ತಂಗಿ, ಸಿರುಗುಪ್ಪದಲ್ಲಿದ್ದಾಳೆ. ಬಸ್ಸಿನಲ್ಲಿ ಕೂತು ಒಂದು ನಿದ್ದೆ ತೆಗೆಯುವಷ್ಟು ದೂರ. ಹನ್ನೊಂದು ವರ್ಷದಿಂದ ಇವರಿಬ್ಬರೂ ಮಾತಾಡಿರಲಿಲ್ಲ.

ಕಾರಣ ಒಂದು ಕೌದಿ.

ಅಜ್ಜಿ ಸುಂಕಲಮ್ಮ ಕುರುಗೋಡಿನಲ್ಲಿದ್ದಳು. ಸಭೆಯ ದಫ್ತರದಲ್ಲಿ ಅವಳ ಹೆಸರು ಸಾರಮ್ಮ. ಆದರೆ ಹಾಗೆ ಕರೆದರೆ ಅವಳು ತಿರುಗಿಯೂ ನೋಡುತ್ತಿರಲಿಲ್ಲ. ಕೌದಿ ಹೊಲಿಯುವುದರಲ್ಲಿ ಅವಳ ಕೈ ದೊಡ್ಡ ಕೈ. ಅವಳದೊಂದು ಪದ್ಧತಿ ಇತ್ತು: ಕೌದಿ ಮುಗಿಯುವ ಹೊತ್ತಿಗೆ ನಡುವಿನ ಪದರದಲ್ಲಿ ಒಂದು ಚೂರು ಹೋಳಿಗೆ ಇಟ್ಟು ಹೊಲಿದುಬಿಡುವಳು. “ಕೌದಿ ಹಸದಿರಬಾರ್ದವ್ವಾ. ಹಸದ ಕೌದಿ ಮ್ಯಾಲೆ ಮಲಗಿದ ಕೂಸು ಅಳತೈತಿ” ಎನ್ನುವಳು. ದೊಡ್ಡಮ್ಮನ ಹತ್ತೊಂಬತ್ತನೇ ಪಾಠ ಇದರ ಮೇಲೆಯೇ ಇದೆ: ‘ಕೌದಿಗೆ ಹೊಟ್ಟೆ ಇಲ್ಲ, ಇರುವೆಗೆ ಇದೆ, ಮೂಢನಂಬಿಕೆಯನ್ನು ತೊರೆಯಿರಿ.’ ಅಜ್ಜಿಯ ಕೌದಿಯ ಮೇಲೆ ನಮ್ಮ ಮನೆಯ ಎಲ್ಲ ಮಕ್ಕಳೂ ಮೊದಲು ಮಲಗಿದ್ದೇವೆ. ಹುಟ್ಟಿದ ಕೂಸನ್ನು ಮೊದಲು ಹಾಕುವುದೇ ಅಜ್ಜಿಯ ಕೈಯ ಕೌದಿಯ ಮೇಲೆ. ದೊಡ್ಡಮ್ಮನನ್ನೂ ಹಾಗೆಯೇ ಹಾಕಿದ್ದರು.

ಅಜ್ಜಿ ಹೊಲಿದ ಕಡೆಯ ಕೌದಿ ದೊಡ್ಡದು. ನಟ್ಟನಡುವೆ ಅವಳ ಮದುವೆಯ ಕೆಂಪು ಸೀರೆಯ ತುಂಡು. ಕಣ್ಣು ಮಂಜಾಗಿದ್ದರಿಂದ ಸೂಜಿಗೆ ದಾರ ಪೋಣಿಸಲು ಅವಳಿಗೆ ಯಾರಾದರೂ ಬೇಕಿತ್ತು. ದೊಡ್ಡಮ್ಮ ಬಂದಾಗ, “ಪೋಣಿಸಿ ಕೊಡಲೇ, ಇದು ನಿನಗೇ” ಎಂದಳು. ಅಮ್ಮ ಬಂದಾಗ ಅವಳಿಗೂ ಅದನ್ನೇ ಹೇಳಿದಳು. ಮುದುಕಿಗೆ ದಾರ ಪೋಣಿಸಿಕೊಂಡರೆ ಸಾಕಿತ್ತು. ನಾಲ್ಕು ಸಾಲು ಹೊಲಿಗೆ ಬಾಕಿ ಇರುವಾಗ ಅಜ್ಜಿ ಹೋದಳು. ಹೋಳಿಗೆ ಇಡುವುದು ಹಾಗೆಯೇ ಉಳಿಯಿತು.

ಮಣ್ಣು ಮಾಡಿದ ಮೂರನೇ ದಿನ, ಪ್ರಾರ್ಥನೆ ಮುಗಿದು ಚಹಾ ಕುಡಿಯುವಾಗ ಜಗಳ ಹತ್ತಿತು. ಅವ್ವ ನನಗ ಅಂದಾಳ, ನನಗ ಅಂದಾಳ. ಪಕ್ಕದ ಮನೆಯ ಚನ್ನವೀರಮ್ಮ, ಅಜ್ಜಿಯ ಜೊತೆ ಐವತ್ತು ವರ್ಷ ಕೌದಿ ಹೊಲಿದವಳು, ಇಬ್ಬರನ್ನೂ ಬೇಡಿಕೊಂಡಳು. “ಕೌದಿಗೆ ಕತ್ತರಿ ಹಾಕಬಾರ್ದ್ರವ್ವಾ. ಸಿಟ್ಟಿನ್ಯಾಗ ಕೊಯ್ದ ಮೂಗು ಶಾಂತಾದ ಮ್ಯಾಲೆ ಬರೂದಿಲ್ಲ.”

ಸಂಡೇ ಸ್ಕೂಲಿನಲ್ಲಿ ಆ ಹಳೆಯ ರಾಜನ ಕಥೆ ಎಲ್ಲರೂ ಕೇಳಿದವರೇ. ಒಂದು ಮಗು, ಇಬ್ಬರು ತಾಯಂದಿರು, ಮಗುವನ್ನು ಎರಡು ಮಾಡಲು ರಾಜ ಕತ್ತಿ ತರಿಸುತ್ತಾನೆ. ನಿಜವಾದ ತಾಯಿ ಬೇಡ ಬೇಡ ಎಂದು ಅಳುತ್ತಾಳೆ. ಆ ಕಥೆಯನ್ನು ದೊಡ್ಡಮ್ಮ ಮೂವತ್ತು ವರ್ಷ ಮಕ್ಕಳಿಗೆ ಕಲಿಸಿದ್ದಳು, ಅಮ್ಮ ಅದನ್ನು ನಾಟಕ ಆಡಿಸಿದ್ದಳು. ಅವತ್ತು ಕುರುಗೋಡಿನ ಪಡಸಾಲೆಯಲ್ಲಿ ಇಬ್ಬರೂ ಒಂದೇ ದನಿಯಲ್ಲಿ “ಕತ್ತರಸು” ಎಂದರು. ದೊಡ್ಡಮ್ಮ ಟೇಪು ಹಿಡಿದು ಅಳೆದಳು, ಸೀಮೆಸುಣ್ಣದಿಂದ ಗೆರೆ ಎಳೆದಳು, ಕತ್ತರಿ ಹಾಕಿದಳು. ಅಮ್ಮ ಆ ಕಡೆಯ ತುದಿಯನ್ನು ಬಿಗಿಯಾಗಿ ಎಳೆದು ಹಿಡಿದಳು. ಒಂದು ಎಳೆಯೂ ಹೆಚ್ಚುಕಮ್ಮಿ ಆಗಲಿಲ್ಲ. ಮದುವೆಯ ಸೀರೆಯ ಕೆಂಪು ತುಂಡು ಸರಿಯಾಗಿ ಎರಡಾಯಿತು. ಹಾಸಿಗೆ ಇದ್ದಷ್ಟು ಕಾಲು ಚಾಚು ಅನ್ನುತ್ತಾರೆ. ನಮ್ಮವರು ಹಾಸಿಗೆಯನ್ನೇ ಕೊಯ್ದರು. ನನಗಾಗ ಹದಿನೇಳು. ಅವರ ಮೇಲಿನ ಸಿಟ್ಟು ನನಗೆ ಇವತ್ತಿಗೂ ಪೂರ್ತಿ ಇಳಿದಿಲ್ಲ.

ಒಂದರ್ಧ ಬಳ್ಳಾರಿಗೆ ಬಂತು, ಒಂದರ್ಧ ಸಿರುಗುಪ್ಪಕ್ಕೆ ಹೋಯಿತು. ಅಮ್ಮ ಸಭೆಯನ್ನೂ ಬದಲಿಸಿದಳು. ಕರ್ತನು ಒಬ್ಬನೇ, ಸಭೆ ಎರಡು, ಕೌದಿ ಎರಡು. ಎರಡೂ ಮನೆಗೆ ಹೋಗಿಬರುವವಳು ನಾನೊಬ್ಬಳೇ.

ಕಳೆದ ವರ್ಷ ನಾನು ಬಸುರಿಯಾದೆ. ಆಗ ಈ ಹಳೆಯ ಹುಚ್ಚಾಟ ನನ್ನ ತಲೆನೋವಾಯಿತು. ಹೆರಿಗೆ ತವರಿನಲ್ಲಿ, ಸಿರುಗುಪ್ಪದಲ್ಲಿ. ನನ್ನ ಕೂಸು ಅಜ್ಜಿಯ ಕೌದಿಯ ಮೇಲೆ ಮಲಗಬೇಕು, ಅರ್ಧದ ಮೇಲಲ್ಲ, ಇಡೀ ಕೌದಿಯ ಮೇಲೆ. ನನಗೆ ಬೇಕಾಗಿದ್ದು ಅದೊಂದೇ. ಮೊದಲು ಅಮ್ಮನಿಗೆ ಫೋನ್ ಮಾಡಿದೆ.

“ನಿನ್ನ ಅರ್ಧ ಕೊಡವ್ವಾ, ಜೋಡಸಿ ಹೊಲಸ್ತೀನಿ.”

“ಅಕಿ ಬಂದು ಕೇಳ್ಲಿ, ಕೊಡ್ತೀನಿ. ಕತ್ತರಿ ಹಿಡದಾಕಿ ಅಕಿ.”

ದೊಡ್ಡಮ್ಮನ ಹತ್ತಿರ ಹೋದೆ. ಅವಳು ಏಳನೇ ಪಾಠದ ತಿದ್ದುಪಡಿ ಮಾಡುತ್ತಿದ್ದಳು.

“ನಾ ಯಾಕ ಕೇಳ್ಲಿ? ಸಣ್ಣಾಕಿ ಅಕಿ. ಸಣ್ಣಾಕಿ ದೊಡ್ಡಾಕಿ ಮನಿಗೆ ಬರಬೇಕು.”

“ಇಲ್ಲಿ ‘ನೀನೇ ಹೋಗಿ ಕೂಡಿಕೋ’ ಅಂತ ಬರದೀಯಲ್ಲ ದೊಡ್ಡಮ್ಮ.”

“ಅದು ಓದವ್ರಿಗೆ,” ಎಂದಳು, ಕನ್ನಡಕ ಮೇಲೆತ್ತದೆ.

ಹೀಗೆ ಮಾತಾಡುವವಳಿಗೆ ಏನು ಮಾಡಬೇಕು? ಹೊಟ್ಟೆ ಮುಂದೆ ಇಟ್ಟುಕೊಂಡು ಅತ್ತೆ. ಅವಳು ನನಗೆ ಪಾಠ ಹದಿನಾರು ಹೇಳಿದಳು, ತಾಳ್ಮೆಯ ಬಗ್ಗೆ.

ಆಗಲೇ ಮಹಿಳಾ ಕೂಟದವರ ಆಮಂತ್ರಣ ಪತ್ರಿಕೆಯ ಕೆಲಸ ನನ್ನ ಅಂಗಡಿಗೆ ಬಂತು. ಸುತ್ತಲ ಊರುಗಳ ಎಲ್ಲ ಸಭೆಗಳ ಹೆಂಗಸರೂ ಸೇರುವ ವಾರ್ಷಿಕ ಕೂಟ, ಈ ಸಲ ಸಿರುಗುಪ್ಪದಲ್ಲಿ. ಸಂದೇಶ ಕೊಡಲು ಯಾರಾದರೂ ಇದ್ದರೆ ಹೇಳಮ್ಮ ಎಂದು ಕೇಳಿದರು. ನಾನು ಹಿಂದೆ ಮುಂದೆ ನೋಡಲಿಲ್ಲ. ‘ವಿಶೇಷ ಸಂದೇಶ: ಸಹೋದರಿ ಸುವಾರ್ತಮ್ಮ, ಬಳ್ಳಾರಿ. ವಿಷಯ: ಕೌದಿಯಲ್ಲಿ ಕರ್ತನ ಕೈ’ ಎಂದು ಪತ್ರಿಕೆಯ ನಟ್ಟನಡುವೆ ಹೆಬ್ಬೆರಳು ಗಾತ್ರದ ಅಕ್ಷರದಲ್ಲಿ ಹಾಕಿದೆ. ‘ಸಿರುಗುಪ್ಪ’ ಎಂಬುದನ್ನು ಕೆಳಗೆ ಅಂಗಡಿಯ ಫೋನ್ ನಂಬರಿನ ಪಕ್ಕ ಇರುವೆ ಗಾತ್ರದಲ್ಲಿ ಕೂರಿಸಿದೆ. ದೊಡ್ಡಮ್ಮನಿಗೆ ತೋರಿಸಿದಾಗ ಅವಳು ತನ್ನ ಹೆಸರನ್ನು ಮೂರು ಸಲ ಓದಿಕೊಂಡಳು. ಸೀಮೆಸುಣ್ಣ ಗಂಟಿನಿಂದ ಹೊರಗೆ ಬರಲೇ ಇಲ್ಲ.

“ಪಾಸ್,” ಎಂದಳು.

ಇಪ್ಪತ್ತೆಂಟು ವರ್ಷದ ಚೆಕಿಂಗಿನಲ್ಲಿ ಅವಳ ಕಣ್ಣು ತಪ್ಪಿದ್ದು ಅದೊಂದೇ ಸಲ ಇರಬೇಕು. ಊರಿನ ಹೆಸರು ಅವಳಿಗೆ ಕಾಣುವ ಹೊತ್ತಿಗೆ ಪತ್ರಿಕೆಗಳೆಲ್ಲ ಹಂಚಿಹೋಗಿದ್ದವು. “ಏ ಮಳ್ಳಿ, ಮೋಸ ಮಾಡಿದಿ!” ಎಂದು ನನ್ನ ಮೇಲೆ ಹಾರಾಡಿದಳು. ಆದರೆ ಮೈಕು, ಶಾಲು, ಇನ್ನೂರು ಹೆಂಗಸರು! ಇವನ್ನು ಬಿಡುವ ಶಕ್ತಿ ಕರ್ತನು ಅವಳಿಗೆ ಕೊಟ್ಟಿರಲಿಲ್ಲ. “ಅಕಿ ಬರೂದಿಲ್ಲ ಬಿಡು. ನನ್ನ ಹೆಸರು ನೋಡಿದ್ರ ಆ ಓಣಿಗೇ ಕಾಲಿಡೂದಿಲ್ಲ” ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡಳು.

ಹೊರಡುವ ದಿನ ಟ್ರಂಕು ತೆಗೆದು, ಬೇವಿನೆಲೆ ಉದುರಿಸಿ, ಆ ಅರ್ಧ ಕೌದಿಯನ್ನು ಹೊರಗೆ ಎಳೆದಳು. ನಾನು ಬಾಯಿ ಬಿಟ್ಟು ನೋಡಿದೆ. ಕಾರಣ ಹದಿಮೂರನೇ ಪಾಠವಂತೆ. ಮೇಲಿನ ಬಣ್ಣದ ಬಟ್ಟೆಯನ್ನು ಎಲ್ಲರೂ ಹೊಗಳುತ್ತಾರೆ, ಬೆಚ್ಚಗಿಡುವುದು ಒಳಗಿನ ಮಾಸಿದ ಪದರ; ಸೇವೆಯೂ ಹಾಗೆಯೇ. ಇದನ್ನು ತೋರಿಸಬೇಕೆಂದರೆ ಒಳಪದರ ಕಾಣುವ ಕೌದಿ ಬೇಕು. ಅವಳ ಜೀನ್ಸ್ ಕೌದಿಗಳೆಲ್ಲ ನಾಲ್ಕೂ ಕಡೆ ಅಂಚು ಮಡಚಿ ಬಿಗಿಯಾಗಿ ಹೊಲಿದವು. ತೆರೆದ ಅಂಚು ಇರುವುದು ಇದೊಂದಕ್ಕೇ.

ಸಮ್ರಾಟ್ ಬಾಡಿಗೆ ಕಾರು ತಂದಿದ್ದ. ತೆಕ್ಕಲಕೋಟೆ ಬರುವವರೆಗೂ ದೊಡ್ಡಮ್ಮ ಅವನ ಗೇರು, ಬ್ರೇಕು, ಹಾರ್ನುಗಳನ್ನೆಲ್ಲ ರಿಟರ್ನ್ ಮಾಡುತ್ತಿದ್ದಳು. ತೆಕ್ಕಲಕೋಟೆ ದಾಟಿ ಭತ್ತದ ಗದ್ದೆಗಳು ಶುರುವಾದ ಮೇಲೆ ಒಮ್ಮೆಲೇ ಸುಮ್ಮನಾದಳು. ಕೌದಿಯ ಗಂಟನ್ನು ತೊಡೆಯ ಮೇಲೆ ಇಟ್ಟುಕೊಂಡು ಕಿಟಕಿಯ ಹೊರಗೆ ನೋಡುತ್ತ ಕೂತಳು. “ಕರುಣಿಗೆ ಮಂಡಿನೋವು ಇತ್ತಲ್ಲ, ಹೆಂಗೈತಿ?” ಎಂದು ಕೇಳಿದಳು. ನಾನು ಉತ್ತರ ಕೊಡುವ ಮೊದಲೇ, “ನನಗ್ಯಾಕ ಬೇಕು” ಎಂದಳು.

ಸಭಾಭವನ ತುಂಬಿತ್ತು. ಮೈಕಿನ ತಂತಿಯನ್ನು ಹೊರಗಿನ ಲೌಡ್‌ಸ್ಪೀಕರಿಗೂ ಕೊಟ್ಟಿದ್ದರು, ಬೀದಿಗೂ ಆಶೀರ್ವಾದ ಸಿಗಲಿ ಎಂದು. ಶಾಲು ಹೊದಿಸಿದರು, ದೊಡ್ಡಮ್ಮ ಶಾಲಿನ ಅಂಚು ತಿರುವಿ ನೋಡಿ ತುಟಿ ಕೊಂಕಿಸಿದಳು. ಆಮೇಲೆ ಮೈಕು ಹಿಡಿದು ಗ್ರಂಥಗನ್ನಡಕ್ಕೆ ಏರಿದಳು.

“ಪ್ರಿಯ ಸಹೋದರಿಯರೇ! ಕರ್ತನು ಕೂಡ ಚೆಕಿಂಗ್ ಮೇಜಿನ ಮುಂದೆ ಕುಳಿತಿದ್ದಾನೆ. ಬಿಚ್ಚಿದ ಅಂಚು ಆತನ ಕಣ್ಣನ್ನು ತಪ್ಪಿಸಲಾರದು. ಇಪ್ಪತ್ತೆಂಟು ವರ್ಷ ನನ್ನ ಮೇಜಿನಿಂದಲೂ ಬಿಚ್ಚಿದ ಅಂಚು ದಾಟಿ ಹೋಗಲಿಲ್ಲ...”

“ಸ್ತೋತ್ರ!” ಎಂದರು ಹೆಂಗಸರು.

ಕೌದಿಯನ್ನು ಬಿಚ್ಚಿ ಇಬ್ಬರ ಕೈಯಲ್ಲಿ ಹಿಡಿಸಿ, ಕೊಯ್ದ ಅಂಚಿನಲ್ಲಿ ಪದರಗಳನ್ನು ಒಂದೊಂದಾಗಿ ಬಿಡಿಸಿ ತೋರಿಸತೊಡಗಿದಳು. ಇಲ್ಲಿ ಅಪ್ಪನ ಧೋತರ, ಇಲ್ಲಿ ಅವ್ವನ ಹಸಿರು ಸೀರೆ. ಅಷ್ಟರಲ್ಲಿ ಅಡುಗೆಯ ಕಡೆಯಿಂದ ಉಚ್ಚೆಂಗೆಮ್ಮ ಎಂಬ ಮುದುಕಿ ಬಂದಳು. ಕೂಟದ ಊಟಕ್ಕೆ ಜೋಳದ ರೊಟ್ಟಿ ಬಡಿಯಲು ಕರೆಸಿದ್ದವಳು. ಉಳಿದ ದಿನ ಮನೆಮನೆಗೆ ಹೋಗಿ ಕೌದಿ ಹೊಲಿದು ಕೊಡುವವಳು. ಸಂದೇಶದ ನಡುವೆ ಮಾತಾಡಬಾರದೆಂದು ಅವಳಿಗೆ ಯಾರೂ ಹೇಳಿರಲಿಲ್ಲ. ಕೈಗೆ ಹತ್ತಿದ ಹಿಟ್ಟನ್ನು ಸೆರಗಿಗೆ ಒರೆಸುತ್ತ ನೆಟ್ಟಗೆ ವೇದಿಕೆಯ ಹತ್ತಿರ ಬಂದು ಕೌದಿಯ ಅಂಚನ್ನು ಮುಟ್ಟಿ ನೋಡಿದಳು.

“ಏನ್ ಹೊಲಗಿ ಯವ್ವಾ! ಕೈ ಅಂದ್ರ ಕೈ. ಇದನ್ನ ನಡಕ ಕೊಯ್ದೀರಿ ಹೌದಿಲ್ಲೋ?”

“ಹೌದು,” ಎಂದಳು ದೊಡ್ಡಮ್ಮ, ಮೈಕಿನಲ್ಲಿ.

“ಎಷ್ಟ್ ದಿನಾತು?”

“ಹನ್ನೊಂದು ವರ್ಷ.”

“ಹನ್ನೊಂದು ವರ್ಷಾದ್ರೂ ಅಂಚು ಮಡಚಿ ಹೊಲದಿಲ್ಲ ನೀವು!” ಮುದುಕಿಗೆ ನಿಜವಾಗಿ ಆಶ್ಚರ್ಯವಾಗಿತ್ತು. “ಬ್ಯಾರೆ ಮಾಡಿದ್ದು ಬ್ಯಾರೇನ ಇರ್ಲಿ ಅನ್ನಾಕಿ ಅಂಚು ಮಡಚಿಬಿಡ್ತಾಳ. ಮಡಚಿಲ್ಲ ಅಂದ್ರ ಕೂಡಸಾಕಂತ ಬಿಟ್ಟೀರಿ. ಉಳದ ಅರ್ಧ ಎಲ್ಲೈತ್ರಿ ಯವ್ವಾ?”

ದೊಡ್ಡಮ್ಮ ಬಾಯಿ ತೆರೆದಳು. ಇಪ್ಪತ್ತನಾಲ್ಕು ಪಾಠದಲ್ಲಿ ಒಂದೂ ಬರಲಿಲ್ಲ. ಆ ತೆರೆದ ಅಂಚನ್ನೇ ನೋಡುತ್ತ ನಿಂತಳು. ನನಗೂ ಆಗಲೇ ಹೊಳೆದದ್ದು. ಅಂಗಿಯಲ್ಲಿ ಒಂದು ಎಳೆ ಹೊರಗೆ ಬಂದರೆ ನಿದ್ದೆ ಹತ್ತದ ಹೆಂಗಸು ಈ ಅಂಚನ್ನು ಹನ್ನೊಂದು ವರ್ಷ ಮುಟ್ಟದೆ ಬಿಟ್ಟಿದ್ದಳು.

“ನನ್ನ ಹತ್ರ ಐತಿ.”

ಕಡೆಯ ಸಾಲಿನಲ್ಲಿ, ಬಾಗಿಲ ಪಕ್ಕ, ಅಮ್ಮ ಎದ್ದು ನಿಂತಿದ್ದಳು. ಮಂಡಿನೋವಿಗೆ ಕುರ್ಚಿಯ ಬೆನ್ನಿಗೆ ಕೈ ಕೊಟ್ಟಿದ್ದಳು. “ನಂದೂ ಮಡಚಿಲ್ಲ,” ಎಂದಳು.

ಕೂಟದ ಅಧ್ಯಕ್ಷೆಯವರು ಇದೆಲ್ಲ ಮೊದಲೇ ಏರ್ಪಾಡು ಮಾಡಿದ ಕಾರ್ಯಕ್ರಮ ಎಂದುಕೊಂಡರು. “ಎಂಥ ಸಾಕ್ಷಿ! ಎಂಥ ಸಾಕ್ಷಿ! ದೇವರಿಗೆ ಸ್ತೋತ್ರ!” ಎಂದು ಚಪ್ಪಾಳೆ ಹೊಡೆದರು. ಇನ್ನೂರು ಹೆಂಗಸರು ಹೊಡೆದರು. ಯಾರೋ ಹಾಡು ಎತ್ತಲು ನೋಡಿದರು. ಉಚ್ಚೆಂಗೆಮ್ಮ, “ತಡೀರಿ, ಮಾತು ಮುಗಿದಿಲ್ಲ” ಎಂದು ಗದರಿದ್ದಕ್ಕೆ ಎಲ್ಲ ಸುಮ್ಮನಾದರು.

“ಐತಿ ಅಂದ್ರ ತರಬೇಕಿಲ್ಲೋ? ಅಲ್ಲೇ ನಿಂತು ಭಾಷಣ ಮಾಡಾಕತ್ತಾಳ!” ಎಂದಳು ದೊಡ್ಡಮ್ಮ, ಕೈಯಲ್ಲಿ ಮೈಕು ಹಿಡಿದುಕೊಂಡು.

“ಕೇಳಿದ್ರ ತರ್ತೀನಿ. ಇಷ್ಟು ವರ್ಷ ನೀ ಕೇಳ್ತೀ ಅಂತನ ಕುಂತೀನಿ.”

ದೊಡ್ಡಮ್ಮ ಅಮ್ಮನನ್ನು ನೋಡಿದಳು. ಆಮೇಲೆ ಮುಂದಿನ ಸಾಲಿನಲ್ಲಿ ಕಾಲು ಚಾಚಿ ಕೂತಿದ್ದ ನನ್ನನ್ನೂ ನನ್ನ ಹೊಟ್ಟೆಯನ್ನೂ ನೋಡಿದಳು. ಈಗ ಏನಾದರೂ ಇವಳು ತಾಳ್ಮೆಯ ಪಾಠ ಹೇಳಿದರೆ ಇಲ್ಲೇ ಹೆತ್ತುಬಿಡುತ್ತೇನೆ ಅನ್ನಿಸಿತು.

“ಕರುಣಿ,” ಎಂದಳು. ಗ್ರಂಥಗನ್ನಡ ಎಲ್ಲೋ ಬಿದ್ದುಹೋಗಿತ್ತು. “ಗೆರಿ ಎಳದಾಕಿ ನಾನ. ಕತ್ತರಿ ಹಾಕಿದಾಕಿ ನಾನ. ತಪ್ಪು ನಂದ ಐತಿ. ಅವ್ವನ ಕೌದಿ ತಗೊಂಡ್ ಬಾರವ್ವಾ.”

ಇದು ಭವನಕ್ಕಷ್ಟೇ ಅಲ್ಲ, ಇಡೀ ಬೀದಿಗೆ ಕೇಳಿಸಿತು. ಹೊರಗೆ ಚಹಾದಂಗಡಿಯಲ್ಲಿ ಕೂತಿದ್ದ ಸಮ್ರಾಟ್ ಲೋಟ ಬಿಟ್ಟು ಒಳಗೆ ಓಡಿಬಂದ, ಯಾರಿಗೋ ಏನೋ ಆಯಿತೆಂದು.

ಅಮ್ಮ ಸೆರಗಿನಲ್ಲಿ ಮುಖ ಒರೆಸಿಕೊಂಡಳು. “ಎಳದು ಹಿಡಿದಾಕಿ ನಾನ ಅಲ್ಲೇನಕ್ಕಾ? ಸಡಲ ಬಿಟ್ಟಿದ್ರ ನಿನ್ನ ಕತ್ತರಿ ನಡೀತಿರಲಿಲ್ಲ,” ಎಂದಳು. ಕೌದಿ ತರಲು ಮನೆಗೆ ಹೋಗಬೇಕಾಗಲೂ ಇಲ್ಲ. ತನ್ನ ಕುರ್ಚಿಯ ಕೆಳಗಿದ್ದ ಚೀಲದಿಂದಲೇ ತೆಗೆದಳು. ತಂದೇ ಬಂದಿದ್ದಳು, ಕಳ್ಳಿ! ಕೇಳದಿದ್ದರೆ ಹಾಗೆಯೇ ಎದ್ದು ಹೋಗುತ್ತಿದ್ದಳೇನೋ. ನಾನು ಅತ್ತೆ, ಅಳುತ್ತ ನಕ್ಕೆ, ನನ್ನ ಪಕ್ಕದವರು ನನಗೆ ನೀರು ಕುಡಿಸಿದರು.

ಊಟದ ಪಂಕ್ತಿ ನಡೆಯುತ್ತಿದ್ದಾಗ ಇವರಿಬ್ಬರೂ ಭವನದ ಮೂಲೆಯಲ್ಲಿ ಚಾಪೆ ಹಾಸಿ ಕೌದಿಯ ಎರಡೂ ಅರ್ಧ ಎದುರುಬದುರು ಇಟ್ಟರು. ಹನ್ನೊಂದು ವರ್ಷದಲ್ಲಿ ದೊಡ್ಡಮ್ಮನ ಅರ್ಧದಲ್ಲಿ ಎಳೆಗಳು ಉದುರಿದ್ದವು, ಅಮ್ಮನ ಅರ್ಧವನ್ನು ಇಲಿ ಕಡಿದಿತ್ತು. ಒಂದು ಎಳೆಯೂ ಹೆಚ್ಚುಕಮ್ಮಿ ಆಗದಂತೆ ಕೊಯ್ದ ಗೆರೆ ಈಗ ಎಲ್ಲೂ ಕೂಡುತ್ತಿರಲಿಲ್ಲ. ಉಚ್ಚೆಂಗೆಮ್ಮ ಒಂದು ಪಟ್ಟಿ ಬೇಕೆಂದಳು. ದೊಡ್ಡಮ್ಮ ಆಗ ತಾನೇ ಹೊದಿಸಿದ್ದ ಸನ್ಮಾನದ ಶಾಲನ್ನು ಉದ್ದಕ್ಕೆ ಸೀಳಿದಳು. ಅಧ್ಯಕ್ಷೆಯವರು ಊಟ ಬಿಟ್ಟು ನೋಡಿದರು, ಪಾಪ.

ಅಕ್ಕ ಆ ತುದಿಯಿಂದ, ತಂಗಿ ಈ ತುದಿಯಿಂದ ಹೊಲಿಯುತ್ತ ಬಂದರು. ನಡುವೆ ಕೆಂಪು ತುಂಡಿನ ಹತ್ತಿರ ಇಬ್ಬರ ಸೂಜಿಯೂ ನಿಂತಿತು. ನಾಲ್ಕು ಬೆರಳು ಜಾಗ ತೆರೆದಿತ್ತು. ಇಬ್ಬರೂ ಒಬ್ಬರನ್ನೊಬ್ಬರು ನೋಡಿದರು. ದೊಡ್ಡಮ್ಮ ತಲೆ ಎತ್ತಿ, “ಉಚ್ಚೆಂಗೆಮ್ಮ, ಹೋಳಗಿ ಐತೇನ್ರಿ?” ಎಂದು ಕೇಳಿದಳು.

“ಹೋಳಗಿ ಎಲ್ಲಿಂದ ತರ್ಲಿ ಯವ್ವಾ? ರೊಟ್ಟಿ ಐತಿ.”

ಬಿಸಿ ರೊಟ್ಟಿ ಬಂತು. ಹತ್ತೊಂಬತ್ತನೇ ಪಾಠದ ಲೇಖಕಿ ಅದನ್ನು ಮುರಿದು ಒಂದು ಚೂರು ತಂಗಿಯ ಕೈಗೆ ಕೊಟ್ಟಳು, ಒಂದನ್ನು ತಾನು ಹಿಡಿದಳು. ಇಬ್ಬರೂ ಆ ತೆರೆದ ಜಾಗದಲ್ಲಿ ಕೈ ತೂರಿಸಿ ಒಳಪದರದಲ್ಲಿ ಇಟ್ಟರು. ನನಗೆ ತಡೆಯಲಾಗಲಿಲ್ಲ.

“ದೊಡ್ಡಮ್ಮ, ಇದು ಎಷ್ಟನೇ ಪಾಠ?”

“ಬಾಯಿ ಮುಚ್ಚಿಕೊಂಡು ಸೂಜಿ ಪೋಣಿಸಿ ಕೊಡಲೇ,” ಎಂದಳು. ಅವಳ ಕಣ್ಣು ಮಂಜಾಗಿತ್ತು. ಪೋಣಿಸಿ ಕೊಟ್ಟೆ.

ಹೊಲಿಗೆ ಎಲ್ಲ ಓರೆಕೋರೆ. ನಡುವಿನ ಪಟ್ಟಿ ಹಾವು ಹರಿದ ಹಾಗೆ ಹೋಗಿದೆ. ಅಮ್ಮ, “ಅಕ್ಕಾ, ರಿಟರ್ನ್ ಅನ್ನಂಗಿಲ್ಲೇನು?” ಎಂದು ಕೆಣಕಿದಳು. ದೊಡ್ಡಮ್ಮ ಗಂಟಿನಿಂದ ಸೀಮೆಸುಣ್ಣ ತೆಗೆದು, ಸ್ವಲ್ಪ ಹೊತ್ತು ಕೈಯಲ್ಲಿ ಹಿಡಿದು, ಮತ್ತೆ ಗಂಟು ಹಾಕಿಕೊಂಡಳು. “ನಡೀತೈತಿ ಬಿಡು” ಎಂದಳು.

ಅವಳು ಈಗೇನೂ ಬದಲಾಗಿಲ್ಲ. ಹಾಗೆ ಯಾರಾದರೂ ಅಂದುಕೊಂಡರೆ ಅವರ ಮನೆಗೆ ಒಂದು ಜೀನ್ಸ್ ಕೌದಿ ಕಳಿಸುತ್ತೇನೆ. ಪುಸ್ತಿಕೆ ಹತ್ತನೇ ಸಲ ಟೈಪಿಗೆ ಬಂದಿದೆ. ಏಳನೇ ಪಾಠದ ಮೇಲೆ ಮಾತ್ರ ಉದ್ದಕ್ಕೆ ಗೀಟು ಎಳೆದು, ಪಕ್ಕದಲ್ಲಿ ‘ರಿಟರ್ನ್’ ಎಂದು ತನ್ನ ಕೈಯಾರೆ ಬರೆದಿದ್ದಾಳೆ.

ಅಕ್ಟೋಬರಿನಲ್ಲಿ ಸಿರುಗುಪ್ಪದಲ್ಲಿ ನನಗೆ ಹೆಣ್ಣು ಕೂಸು ಹುಟ್ಟಿತು. ಆಸ್ಪತ್ರೆಯಿಂದ ಮನೆಗೆ ಬಂದ ದಿನ ದೊಡ್ಡಮ್ಮನೂ ಅಮ್ಮನೂ ಕೌದಿಯನ್ನು ಒಂದೊಂದು ತುದಿ ಹಿಡಿದು ಹಾಸಿದರು. ಕೂಸನ್ನು ನಟ್ಟನಡುವೆ ಮಲಗಿಸಿದೆ. ಅಳಲಿಲ್ಲ. ಕಣ್ಣು ಬಿಟ್ಟು ಛಾವಣಿ ನೋಡಿತು, ಕಾಲು ಝಾಡಿಸಿತು, ಎರಡು ನಿಮಿಷದಲ್ಲಿ ಉಚ್ಚೆ ಹೊಯ್ದಿತು.

“ನನ್ನ ಅರ್ಧದ ಮ್ಯಾಲೆ!” ಎಂದಳು ದೊಡ್ಡಮ್ಮ, ಮುಖವೆಲ್ಲ ಅರಳಿಸಿಕೊಂಡು.

“ಏ ಹೋಗಕ್ಕಾ, ಅದು ನನ್ನ ಕಡಿ,” ಎಂದಳು ಅಮ್ಮ. “ಇಲಿ ಕಡದದ್ದು ಯಾ ಕಡಿ ಐತಿ ನೋಡು.”

“ಏ ನಂದಿನಿ, ಟೇಪು ತಗೊಂಡ್ ಬಾ!”